ಯಾರಿದ್ದೀರಿ ಅಂತ ಕೇಳಿದಾಗ

ನಮ್ಮ ಕೇರಿಗೆ ಕಂಪ್ಯೂಟರು ಬಂದದ್ದು ಗುಜರಿಗೆ ಹೋಗುವ ದಾರಿಯಲ್ಲಿ.

2019ರಲ್ಲಿ ತಾಲೂಕು ಕೇಂದ್ರದ ಒಂದು ಆಫೀಸಿನವರು ಹಳೆಯ ಸಾಮಾನೆಲ್ಲ ಹೊರಗೆ ಹಾಕಿದರು. ಅದನ್ನು ಲಾರಿಗೆ ತುಂಬುವ ಕೂಲಿಗೆ ಹೋದವರು ನಮ್ಮ ಕೇರಿಯವರೇ. ಕಾಲು ಮುರಿದ ಕುರ್ಚಿಗಳು, ತುಕ್ಕು ಹಿಡಿದ ಬೀರುಗಳು, ಅವುಗಳ ನಡುವೆ ನಾಲ್ಕು ಕಂಪ್ಯೂಟರುಗಳು. ಗುಜರಿಯವನ ಹತ್ತಿರ ಚೌಕಾಸಿ ಮಾಡಿ, ಎರಡು ದಿನದ ಕೂಲಿ ಮುರಿಸಿಕೊಂಡು, ಒಂದನ್ನು ಹೊತ್ತು ತಂದೆವು. ಪೆಂಟಿಯಮ್ 4, 40 ಜಿ.ಬಿ. ಹಾರ್ಡ್ ಡಿಸ್ಕು, ವಿಂಡೋಸ್ ಎಕ್ಸ್‌ಪಿ. ಆ ಎಕ್ಸ್‌ಪಿಯನ್ನು ಮಾಡಿದವರೇ 2014ರ ಏಪ್ರಿಲಿನಲ್ಲಿ ಅದರ ಕೈ ಬಿಟ್ಟಿದ್ದರು. ಕೈ ಬಿಟ್ಟದ್ದನ್ನು ಎತ್ತಿಕೊಂಡು ಬಾಳುವುದು ನಮಗೇನೂ ಹೊಸದಲ್ಲ. ಸಂಘದ ಕೋಣೆಯಲ್ಲಿ ಬಾಬಾಸಾಹೇಬರ ಪಟದ ಕೆಳಗೆ ಒಂದು ಮೇಜು ಹಾಕಿ ಇಟ್ಟೆವು. ಹುಡುಗರು ಕನ್ನಡ ಟೈಪು ಕಲಿತರು. ಅರ್ಜಿಗಳನ್ನು ಬರೆದೆವು, ಪದ್ಯಗಳನ್ನೂ ಬರೆದೆವು.

ನಾವು ಅಂದರೆ ಮೂವರು. ಒಬ್ಬ ಐ.ಟಿ.ಐ. ಓದಿ ಮನೆಗಳ ವೈರಿಂಗ್ ಕೆಲಸಕ್ಕೆ ಹೋಗುವವನು. ಇನ್ನೊಬ್ಬ ಬೆಂಗಳೂರಿನಲ್ಲಿ ಬೈಕಿನ ಮೇಲೆ ಊಟದ ಪೊಟ್ಟಣ ಹಂಚುವವನು. ಮತ್ತೊಬ್ಬ ಮನೆತನದಲ್ಲೇ ಮೊದಲಿಗೆ ಬಿ.ಎ. ಮುಗಿಸಿ, ಕೆಲಸವಿಲ್ಲದೆ ಪದ್ಯ ಬರೆಯುವವನು. ಬರೆಯುವ ಕೈ ಒಂದೇ ಆದರೂ ಮಾತು ಮೂವರದೂ. ಅದಕ್ಕೇ ನಾವು ಅಂತಲೇ ಬರೆಯುತ್ತಿದ್ದೇವೆ.

ಆ ಕಂಪ್ಯೂಟರಿಗೆ ಒಂದು ಊನ ಇತ್ತು. ಸಿ.ಡಿ. ಡ್ರೈವು ಇರಬೇಕಾದ ಕಡೆ ಬರೀ ತೂತು. ಆಫೀಸಿನಲ್ಲಿ ಇದ್ದಾಗಲೇ ಯಾರೋ ಕಿತ್ತುಕೊಂಡಿದ್ದರು. ಇಲಿ ನುಗ್ಗದಿರಲಿ ಅಂತ ನಾವು ಅದಕ್ಕೊಂದು ರಟ್ಟು ಅಂಟಿಸಿದ್ದೆವು. ನಾಲ್ಕು ವರ್ಷ ಆ ತೂತಿನ ಕಡೆ ಯಾರೂ ತಿರುಗಿ ನೋಡಲಿಲ್ಲ.

2023ರ ಮಳೆಗಾಲದಲ್ಲಿ ತಾತ ಹಾಸಿಗೆ ಹಿಡಿದ. ಪದ್ಯ ಬರೆಯುವವನ ತಾತ, ಆದರೆ ಕೇರಿಗೆಲ್ಲ ತಾತನೇ. ಎಂಬತ್ತರ ಹತ್ತಿರದ ಜೀವ. ಸ್ವಲ್ಪ ಚೇತರಿಸಿಕೊಂಡು ಜಗಲಿಗೆ ಬಂದು ಕೂತ ದಿನ, ಟ್ರಂಕಿನ ತಳದಿಂದ ಒಂದು ಕವರು ತೆಗೆಸಿದ. ರೇಷನ್ ಕಾರ್ಡು, ಮನೆಯ ಹಕ್ಕುಪತ್ರ, ಅವುಗಳ ಜೊತೆಯಲ್ಲಿ ಒಂದು ಸಿ.ಡಿ.

"ಮೊಗ, ನಾನು ಹೋಗೋದ್ರೊಳಗೆ ಇದ್ರಲ್ಲಿ ಏನಯ್ತೆ ಅಂತ ಒಂದ್ಸಲ ಕೇಳ್ಸಿಬುಡ್ರಲಾ" ಅಂದ.

ಅದರಲ್ಲಿ ಇದ್ದದ್ದು ಅಜ್ಜಿ.

2006ರಲ್ಲಿ ಪೇಟೆಯಿಂದ ಒಬ್ಬರು ಮೇಷ್ಟ್ರು ಜನಪದ ಹಾಡು ಸಂಗ್ರಹಿಸುತ್ತೇವೆ ಅಂತ ಬಂದಿದ್ದರು. ಅಜ್ಜಿ ಕಬಿನಿ ನಾಲೆಯ ಕೆಳಗಿನ ಗದ್ದೆಗಳಲ್ಲಿ ನಾಟಿಗೆ ಹೋಗುತ್ತಿದ್ದವಳು. ಒಂದು ಸಾಲು ನಾಟಿ ಮುಗಿಯುವತನಕ ಒಂದು ಪದ ಎಳೆಯುವ ಗಂಟಲು. ಮೂರು ರಾತ್ರಿ ಹಾಡಿಸಿಕೊಂಡು ಹೋದರು. ಎರಡು ವರ್ಷದ ಮೇಲೆ ಶಾಲೆಯ ಮೇಷ್ಟ್ರ ಕೈಲಿ ಈ ಸಿ.ಡಿ. ಕಳಿಸಿದರು. ಆಡಿದ ಮಾತು ಉಳಿಸಿಕೊಂಡರು, ಸುಳ್ಳು ಹೇಳಬಾರದು. ಆದರೆ ಅದು ಬಂದಾಗ ನಮ್ಮಲ್ಲಿ ಯಾರ ಹತ್ತಿರವೂ ಕಂಪ್ಯೂಟರು ಇರಲಿಲ್ಲ. ಮೇಲಿನ ಬೀದಿಯ ಒಂದು ಮನೆಯಲ್ಲಿ ವಿ.ಸಿ.ಡಿ. ಪ್ಲೇಯರು ಇತ್ತು. ಅಂಗಳದಲ್ಲಿ ನಿಂತು ಸಿ.ಡಿ. ಕೊಟ್ಟೆವು. ಅವರು ಹಾಕಿ ನೋಡಿ, "ಇದ್ರಲ್ಲಿ ಏನೂ ಇಲ್ಲ" ಅಂತ ವಾಪಸು ಕೊಟ್ಟರು. ಇತ್ತು. ಹಾಡಿನ ಸಿ.ಡಿ. ಬೇರೆ, ಕಂಪ್ಯೂಟರು ಓದುವ ಕಡತಗಳನ್ನು ತುಂಬಿದ ಸಿ.ಡಿ. ಬೇರೆ ಅನ್ನುವುದು ಅವರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಅಜ್ಜಿ ನಕ್ಕು, "ನನ್ ಪದ ಪ್ಯಾಟೇಲೇ ಉಳ್ಕತು ಬುಡು" ಅಂದಳಂತೆ. 2012ರಲ್ಲಿ ಅಜ್ಜಿ ಸತ್ತಳು. ತನ್ನ ದನಿಯನ್ನು ತಾನೇ ಕೇಳದೆ ಸತ್ತಳು.

ಸಿ.ಡಿ.ಯ ಕವರಿನ ಮೇಲೆ ಬರೆದದ್ದು ಇಷ್ಟು: ಹೆಂಗಸು, ಕೂಲಿ, 55 ವರ್ಷ, ನಾಟಿ ಪದಗಳು.

ಪೇಟೆಯ ಅಂಗಡಿಗೆ ಕೊಟ್ಟರೆ ಒಂದು ಗಂಟೆಯ ಕೆಲಸ ಅಂತ ನೀವು ಕೇಳಬಹುದು. ನಾವೂ ಹೋಗಿದ್ದೆವು. "ಈಗ ಯಾರು ಇಟ್ಕೊಂಡಿರ್ತಾರೆ ಇದನ್ನ? ಬಿಟ್ಟು ಹೋಗಿ, ನೋಡೋಣ" ಅಂದರು. ಬಿಟ್ಟು ಬರಲು ತಾತ ಒಪ್ಪಲಿಲ್ಲ. "ಒಂದ್ಸಲ ತಕ್ಕೊಂಡೋದ್ದು ತಿರುಗಾ ಬರಾಕೆ ಎರಡೊರ್ಸ ಆಯ್ತು. ಈಗ ನಂಗೆ ಎರಡೊರ್ಸ ಇಲ್ಲ" ಅಂದ. ಹೊಸದಾಗಿ ಹೊರಗಿನಿಂದ ಸಿಕ್ಕಿಸುವ ಡ್ರೈವು ಕೊಳ್ಳಲು ಸಾವಿರದ ಮೇಲೆ ಬೇಕಿತ್ತು. ಗುಜರಿಯಲ್ಲಿ ನೂರು ರೂಪಾಯಿಗೆ ಹಳೆಯ ಡಿ.ವಿ.ಡಿ. ಡ್ರೈವು ಸಿಕ್ಕಿತು. ಸಿ.ಡಿ.ಯನ್ನೂ ಅದು ಓದುತ್ತದೆ. ತಂದು ರಟ್ಟು ಕಿತ್ತು ತೂತಿಗೆ ಕೂರಿಸಿದೆವು.

ಸ್ವಿಚ್ಚು ಹಾಕಿದರೆ ಡ್ರೈವಿನ ಹಸಿರು ದೀಪ ಹತ್ತಿತು. ಗುಂಡಿ ಒತ್ತಿದರೆ ತಟ್ಟೆ ಹೊರಗೆ ಬಂತು. ಸಿ.ಡಿ. ಇಟ್ಟರೆ ಒಳಗೆ ಗಿರ್ರನೆ ತಿರುಗಿತು. ಆದರೆ ಪರದೆಯ ಮೇಲೆ ಅದರ ಸುಳಿವೇ ಇಲ್ಲ. ಹಾರ್ಡ್ ಡಿಸ್ಕು ಕಾಣುತ್ತದೆ, ಇದು ಕಾಣುವುದಿಲ್ಲ. ಕಂಪ್ಯೂಟರಿನ ಲೆಕ್ಕದಲ್ಲಿ ಅಂಥದ್ದೊಂದು ಅದರ ಹೊಟ್ಟೆಯಲ್ಲಿ ಇಲ್ಲವೇ ಇಲ್ಲ.

ತಾತ ಕೋಣೆಯ ಬಾಗಿಲಲ್ಲಿ ಕೂತಿದ್ದ. "ದೀಪ ಉರೀತದೆ, ತಿರುಗ್ತದೆ, ಮತ್ಯಾಕೆ ಇಲ್ಲ ಅಂತದೆ?" ಅಂದ.

ಐ.ಟಿ.ಐ. ಗೆಳೆಯ ವಿವರಿಸಿದ. ಡ್ರೈವಿಗೆ ಎರಡು ತಂತಿ ಬರುತ್ತವೆ. ನಾಲ್ಕು ಎಳೆಯ ದಪ್ಪ ತಂತಿ ಕರೆಂಟು ಕೊಡುತ್ತದೆ. ಅಗಲವಾದ ಪಟ್ಟಿಯಂಥ ತಂತಿ ಮಾತು ಸಾಗಿಸುತ್ತದೆ. ಕರೆಂಟು ಬಂದಿದೆ, ಮಾತು ಆಗಿಲ್ಲ.

"ಹಂಗಾದ್ರೆ ಹಿಟ್ಟು ಇಕ್ಕವ್ರೆ, ಹೆಸ್ರು ಕೇಳಿಲ್ಲ ಅನ್ನು" ಅಂದ ತಾತ.

ಮಾತಿನ ತಂತಿಯಿಂದಲೇ ಹುಡುಕಲು ಶುರು ಮಾಡಿದೆವು. ಆ ಪಟ್ಟಿಯ ತುದಿಯಲ್ಲಿ ಎರಡು ಸಾಲಿನ ತೂತುಗಳು. ಡ್ರೈವಿನ ಬೆನ್ನಿಗೆ ಸೂಜಿಯಂಥ ಕಡ್ಡಿಗಳು, 40 ಕಡ್ಡಿಯ ಜಾಗ, ಅದರಲ್ಲಿ ನಡುವಿನ ಒಂದು ಬೇಕಂತಲೇ ಖಾಲಿ. ತಿರುಗುಮುರುಗಾಗಿ ಚುಚ್ಚದಿರಲಿ ಅಂತ ಹಾಗೆ ಮಾಡಿದ್ದಾರೆ. ಪಟ್ಟಿಯ ಒಂದು ಅಂಚಿಗೆ ಕೆಂಪು ಗೆರೆ, ಅದು ಕರೆಂಟಿನ ತಂತಿಯ ಕಡೆಗಿರಬೇಕು. ನಮ್ಮದರಲ್ಲಿ ಒಂದು ಕಡ್ಡಿ ಬಾಗಿತ್ತು. ರೀಫಿಲ್ಲು ತೆಗೆದ ಬಾಲ್‌ಪೆನ್ನಿನ ತುದಿಯನ್ನು ಅದರ ಮೇಲೆ ಇಳಿಸಿ ಮೆಲ್ಲಗೆ ನೆಟ್ಟಗೆ ಮಾಡಿದೆವು. ಆದರೂ ಕಾಣಲಿಲ್ಲ.

ಆಮೇಲೆ ಬಯೋಸ್ ನೋಡಿದೆವು. ಕಂಪ್ಯೂಟರು ಎದ್ದ ತಕ್ಷಣ ಡಿಲೀಟ್ ಗುಂಡಿ ಒತ್ತುತ್ತಿದ್ದರೆ ನೀಲಿ ಪರದೆಯೊಂದು ಬರುತ್ತದೆ. ವಿಂಡೋಸು ಏಳುವ ಮುಂಚೆಯೇ, ತನ್ನ ಒಳಗೆ ಯಾರ್ಯಾರಿದ್ದಾರೆ ಅಂತ ಯಂತ್ರ ಎಣಿಸಿಕೊಳ್ಳುವ ಜಾಗ ಅದು. ಡ್ರೈವುಗಳಿಗೆ ನಾಲ್ಕು ಸ್ಥಾನಗಳಿದ್ದವು. ಮೊದಲನೆಯದರ ಮುಂದೆ ಹಾರ್ಡ್ ಡಿಸ್ಕಿನ ಹೆಸರು. ಉಳಿದ ಮೂರರ ಮುಂದೆ 'ನನ್' ಅಂತ ಇತ್ತು. ಯಾರೂ ಇಲ್ಲ ಅಂತಲ್ಲ ಅದರ ಅರ್ಥ, ಯಾರನ್ನೂ ಹುಡುಕಬೇಡ ಅಂತ. ಡ್ರೈವು ಕಿತ್ತುಕೊಂಡವರು, ಇನ್ನು ಕೇಳುವ ಕೆಲಸವೂ ಬೇಡ ಅಂತ ಯಂತ್ರಕ್ಕೆ ಹೇಳಿಹೋಗಿದ್ದರು. ನಾಲ್ಕಕ್ಕೂ 'ಆಟೋ' ಮಾಡಿ ಎಫ್ 10 ಒತ್ತಿ ಉಳಿಸಿದೆವು. ಈಗ ಯಂತ್ರ ಪ್ರತಿ ಸಲವೂ ಕೇಳುತ್ತದೆ. ಕೇಳಿತು. ಆದರೂ ಉತ್ತರ ಬರಲಿಲ್ಲ.

ಅಷ್ಟೊತ್ತಿಗೆ ಡ್ರೈವಿನ ಬೆನ್ನಿನ ಮೇಲೆ ಸಣ್ಣದೊಂದು ಕಪ್ಪು ಪ್ಲಾಸ್ಟಿಕ್ಕು ಕಣ್ಣಿಗೆ ಬಿತ್ತು. ಅಕ್ಕಿಕಾಳಿಗಿಂತ ಸ್ವಲ್ಪ ದಪ್ಪ. ಅದಕ್ಕೆ ಜಂಪರ್ ಅನ್ನುತ್ತಾರೆ. ಮೂರು ಜೊತೆ ಕಡ್ಡಿಗಳಲ್ಲಿ ಯಾವುದಾದರೂ ಒಂದು ಜೊತೆಗೆ ಅದನ್ನು ಸಿಕ್ಕಿಸಬೇಕು. ಕಡ್ಡಿಗಳ ಮೇಲೆ ತಗಡಿನಲ್ಲಿ ಇಂಗ್ಲಿಷ್ ಅಕ್ಷರ ಕೊರೆದಿದ್ದರು. ಎಂ.ಎ., ಎಸ್.ಎಲ್., ಸಿ.ಎಸ್. ನಾವು ಎಂ.ಎ. ಅಂದರೆ ಡಿಗ್ರಿ ಅಂದುಕೊಳ್ಳುವ ಜನ. ಐ.ಟಿ.ಐ. ಗೆಳೆಯ ಹೇಳಿದ: ಮಾಸ್ಟರ್, ಸ್ಲೇವ್, ಕೇಬಲ್ ಸೆಲೆಕ್ಟ್.

"ಏನ್ ಬರ್ದವ್ರಲಾ?" ಅಂದ ತಾತ.

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇಪ್ಪತ್ತಮೂರು ವರ್ಷ ಜೀತ ಮಾಡಿದವನಿಗೆ ಅದನ್ನು ಯಾವ ಮಾತಲ್ಲಿ ಹೇಳುವುದು? ಆದರೆ ಅವನು ಬಿಡುವವನಲ್ಲ. ಹೇಳಿದೆವು. "ಒಂದು ಪಟ್ಟಿ ತಂತಿಗೆ ಎರಡು ಡ್ರೈವು ಕಟ್ಬೋದು ತಾತ. ಒಂದಕ್ಕೆ ಯಜಮಾನ ಅಂತ ಹೆಸ್ರು ಇಕ್ಕವ್ರೆ. ಇನ್ನೊಂದಕ್ಕೆ ಜೀತದಾಳು ಅಂತ."

ತಾತ ಸ್ವಲ್ಪ ಹೊತ್ತು ಸುಮ್ಮನಿದ್ದು ನಕ್ಕ. "ಪೆಟ್ಗೆ ಒಳ್ಗೂ ಬುಡ್ನಿಲ್ವಾ ನಮ್ಮನ್ನ?"

ಗೆಳೆಯರೆ, ಈ ಪದಗಳ ಬಗ್ಗೆ ಆಮೇಲೆ ನಾವು ಓದಿಕೊಂಡೆವು. ತಂತಿಯ ಆ ಪದ್ಧತಿಗೆ ಎ.ಟಿ.ಎ. ಅಂತ ಹೆಸರು. ಅದರ ನಿಯಮ ಬರೆದ ಪುಸ್ತಕಗಳಲ್ಲಿ ಎರಡು ಡ್ರೈವುಗಳಿಗೆ 0 ಮತ್ತು 1 ಅಂತ ಅಂಕಿ ಇಟ್ಟಿದ್ದಾರೆ. ಸೊನ್ನೆಯದು ಒಂದನೆಯದನ್ನು ಆಳುವುದಿಲ್ಲ, ಅದರಿಂದ ಕೆಲಸ ಮಾಡಿಸುವುದಿಲ್ಲ. ಎರಡಕ್ಕೂ ಅಪ್ಪಣೆ ಬರುವುದು ಮದರ್‌ಬೋರ್ಡಿನಿಂದಲೇ. ಅಲ್ಲಿ ಯಜಮಾನನೂ ಇಲ್ಲ, ಆಳೂ ಇಲ್ಲ. ಆದರೂ ಯಂತ್ರ ಮಾಡಿದವರ ಬಾಯಿಗೆ ಮೊದಲು ಬಂದದ್ದು ಆ ಎರಡು ಪದ. 2003ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಕೌಂಟಿಯ ಆಡಳಿತ, ತನಗೆ ಯಂತ್ರ ಮಾರುವವರು ಈ ಪದಗಳನ್ನು ಬಳಸಬಾರದು ಅಂತ ಕೇಳಿಕೊಂಡಿತು. ಆಗ ಬಹಳ ಜನ ನಕ್ಕರು. 2018ರಲ್ಲಿ ಪೈಥಾನ್ ಅನ್ನುವ ಕಂಪ್ಯೂಟರ್ ಭಾಷೆಯವರು, 2020ರಲ್ಲಿ ಲಿನಕ್ಸ್ ಕಟ್ಟುವವರು ತಮ್ಮ ಬರವಣಿಗೆಯಲ್ಲಿ ಆ ಪದಗಳನ್ನು ಕೈಬಿಡುವ ತೀರ್ಮಾನ ಮಾಡಿದರು. ಪದ ಬದಲಾದರೆ ಸಾಕೇ ಅಂತ ಕೇಳುವವರಿದ್ದಾರೆ. ಸಾಲದು. ಆದರೆ ಹೊಲಗೇರಿ ಅಂತ ಕರೆಸಿಕೊಂಡ ಜಾಗದಲ್ಲಿ ಹುಟ್ಟಿದವರಿಗೆ, ಪದ ಯಾರ ಬಾಯಿಂದ ಬಂದು ಯಾರ ಮೈಮೇಲೆ ಬೀಳುತ್ತದೆ ಅನ್ನುವುದನ್ನು ಯಾರೂ ಕಲಿಸಬೇಕಾಗಿಲ್ಲ.

ಆವತ್ತು ಕೋಣೆಯಲ್ಲಿ ಅಷ್ಟೆಲ್ಲ ಯೋಚನೆ ಇರಲಿಲ್ಲ. ನಮ್ಮ ಡ್ರೈವಿನ ಜಂಪರ್ ಎಂ.ಎ. ಮೇಲಿತ್ತು. ಹಾರ್ಡ್ ಡಿಸ್ಕು ಅದೇ ತಂತಿಯಲ್ಲಿ ಮೊದಲೇ ಯಜಮಾನನಾಗಿ ಕೂತಿದೆ. ಒಂದು ತಂತಿಯಲ್ಲಿ ಇಬ್ಬರು ಯಜಮಾನರು ಇದ್ದರೆ ಜಗಳ. ತಪ್ಪು ಸಿಕ್ಕಿತು ಅಂತ ಖುಷಿಯಾಗಿ, ಉಗುರಿನಲ್ಲಿ ಜಂಪರ್ ಎಳೆದು ಎಸ್.ಎಲ್. ಮೇಲೆ ಹಾಕಿದೆವು. ಹಾಕುವಾಗ ಕೈ ಸ್ವಲ್ಪ ತಡೆಯಿತು. ಆದರೂ ಹಾಕಿದೆವು, ಅಜ್ಜಿಯ ದನಿ ಕೇಳಬೇಕಿತ್ತು.

ಆಗಲೂ ಕಾಣಲಿಲ್ಲ.

ಜೀತದಾಳು ಅಂತ ಒಪ್ಪಿಕೊಂಡ ಮೇಲೂ ಗುರುತು ಸಿಗಲಿಲ್ಲವಲ್ಲ ಅಂತ ಗೊಂದಲಕ್ಕೆ ಬಿದ್ದೆವು. ಐ.ಟಿ.ಐ. ಗೆಳೆಯ ಹಾರ್ಡ್ ಡಿಸ್ಕನ್ನು ಬಿಚ್ಚಿ, ಅದರ ಮೇಲಿನ ಚೀಟಿಯನ್ನು ಮೊಬೈಲಿನ ಬೆಳಕಲ್ಲಿ ಓದಿದ. ಗುಟ್ಟು ಅಲ್ಲಿತ್ತು. ಕೆಲವು ಹಾರ್ಡ್ ಡಿಸ್ಕುಗಳಲ್ಲಿ ಯಜಮಾನನ ಸ್ಥಾನಕ್ಕೆ ಎರಡು ಬಗೆಯ ಜೋಡಣೆ ಇರುತ್ತದೆ. ಒಂದು, ನನ್ನ ಹಿಂದೆ ಇನ್ನೊಬ್ಬ ಇದ್ದಾನೆ ಅನ್ನುವುದು. ಇನ್ನೊಂದು, ನಾನು ಒಂಟಿ ಅನ್ನುವುದು. ನಮ್ಮ ಹಾರ್ಡ್ ಡಿಸ್ಕು ಒಂಟಿ ಅನ್ನುವ ಜೋಡಣೆಯಲ್ಲಿತ್ತು. ಯಂತ್ರ ಎದ್ದಾಗ ಆ ತಂತಿಯಲ್ಲಿ ಎರಡನೆಯವನು ಇದ್ದಾನೋ ಇಲ್ಲವೋ ಅಂತ ನೋಡಿ ಹೇಳಬೇಕಾದದ್ದು ಮೊದಲನೆಯವನೇ. ಎರಡನೆಯವನು ಇಲ್ಲದಿದ್ದರೆ ಅವನ ಪರವಾಗಿ ಉತ್ತರ ಕೊಡುವವನೂ ಮೊದಲನೆಯವನೇ. ಹಿಂದೆ ಯಾರೂ ಇಲ್ಲ ಅಂತ ಅವನು ಮೊದಲೇ ತೀರ್ಮಾನ ಮಾಡಿಕೊಂಡಿದ್ದರೆ, ಹಿಂದೆ ದೀಪ ಉರಿಸಿಕೊಂಡು ನಿಂತವನ ಗತಿ ಏನು?

ಇದನ್ನು ತಾತನಿಗೆ ಹೇಳಿದಾಗ ಅವನು ನಗಲಿಲ್ಲ. ಬಹಳ ಹೊತ್ತಿನ ಮೇಲೆ, ನಮಗೆ ಅದುವರೆಗೆ ಯಾವತ್ತೂ ಹೇಳದ ಒಂದು ಸಂಗತಿ ಹೇಳಿದ.

ತಾತನನ್ನು ಒಂಬತ್ತು ವರ್ಷಕ್ಕೇ ಜೀತಕ್ಕೆ ಬಿಟ್ಟಿದ್ದರು. ಮುತ್ತಾತ ಮಾಡಿದ ಅರವತ್ತು ರೂಪಾಯಿ ಸಾಲಕ್ಕೆ. ದೊಡ್ಡಮನೆಯ ಕೊಟ್ಟಿಗೆಯಲ್ಲಿ ಮಲಗಿ, ದನದ ಜೊತೆ ಎದ್ದು, ಮದುವೆಯಾಗಿ ಮಗ ಹುಟ್ಟಿದ ಮೇಲೂ ಸಾಲ ತೀರಿರಲಿಲ್ಲ. 1975ರ ಅಕ್ಟೋಬರಿನಲ್ಲಿ ಜೀತ ರದ್ದು ಅಂತ ಸುಗ್ರೀವಾಜ್ಞೆ ಬಂತು, 1976ರಲ್ಲಿ ಅದೇ ಕಾಯಿದೆಯಾಯಿತು. ಜೀತದ ಸಾಲವೆಲ್ಲ ವಜಾ. ಜೀತದಾಳುಗಳನ್ನು ಸರ್ಕಾರ ಗುರುತಿಸಬೇಕು, ಬಿಡಿಸಬೇಕು, ಮತ್ತೆ ಬಾಳು ಕಟ್ಟಿಕೊಡಬೇಕು. 1978ರಿಂದ, ಹಾಗೆ ಬಿಡುಗಡೆಯಾದ ಒಬ್ಬೊಬ್ಬರಿಗೆ 4,000 ರೂಪಾಯಿಯವರೆಗೆ ನೆರವಿನ ಯೋಜನೆಯೂ ಬಂತು. ಇವೆಲ್ಲ ನಾವು ಪುಸ್ತಕದಲ್ಲಿ ಓದಿದ್ದು. ತಾತ ಹೇಳಿದ್ದು ಪುಸ್ತಕದಲ್ಲಿ ಇಲ್ಲ.

1976ರಲ್ಲಿ ಒಂದು ದಿನ ಜೀಪು ಬಂತು. ಅಧಿಕಾರಿಗಳು ದೊಡ್ಡಮನೆಯ ಹಜಾರದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಕಾಫಿ ಕುಡಿದರು. ಈ ಊರಲ್ಲಿ ಜೀತದವರು ಯಾರಾದರೂ ಇದ್ದಾರಾ ಅಂತ ಯಜಮಾನರನ್ನು ಕೇಳಿದರು. "ನಮ್ಮಲ್ಲಿ ಅಂಥದ್ದೆಲ್ಲ ಇಲ್ಲ" ಅಂದರು ಅವರು. ಅಂಗಳದಲ್ಲಿ ಸೆಗಣಿ ಬಾಚುತ್ತಿದ್ದ ತಾತನನ್ನು ನೋಡಿ, "ಇವನು?" ಅಂತ ಕೇಳಿದರು. "ಅವನು ಮನೆ ಮಗ ಇದ್ದಂಗೆ. ಬೇಕಾದ್ರೆ ಅವನ್ನೇ ಕೇಳಿ" ಅಂದರು.

"ಕೇಳುದ್ರು ಕಲಾ" ಅಂದ ತಾತ. "ನೀನು ಜೀತಕ್ಕಿದ್ದೀಯೇನಪ್ಪ ಅಂತ ಒಳ್ಳೆ ಮಾತಲ್ಲೇ ಕೇಳುದ್ರು. ಅವರು ಕಂಬಕ್ಕೆ ಒರಗಿ ಕುಂತವ್ರೆ, ನನ್ನೇ ನೋಡ್ತಾವ್ರೆ. ನನ್ ಬಾಯಲ್ಲಿ ಇಲ್ಲ ಬುದ್ದಿ ಅಂತ ಬಂದ್ಬುಡ್ತು. ಅವ್ರು ಬರ್ಕಂಡ್ರು, ಜೀಪು ಹತ್ಕಂಡ್ರು. ನಾನು ಸಗಣಿ ಮಂಕ್ರಿ ಎತ್ಕಂಡೆ."

ಪಟ್ಟಿಯಲ್ಲಿ ತಾತನ ಹೆಸರು ಬರಲಿಲ್ಲ. ಬಿಡುಗಡೆ ಪತ್ರ ಸಿಗಲಿಲ್ಲ. ಸರ್ಕಾರದ ಕಾಗದದಲ್ಲಿ ನಮ್ಮ ತಾತ ಯಾವತ್ತೂ ಜೀತ ಮಾಡಿದವನೇ ಅಲ್ಲ. ಸುಳ್ಳು ಹೇಳಿದ್ದು ತಾನೇ ಅಂತ ಅವನು ನಲವತ್ತೇಳು ವರ್ಷ ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡಿದ್ದ.

"ಆಮೇಲೆ ಹೆಂಗೆ ಬಿಟ್ಟು ಬಂದೆ ತಾತ?"

"ನಿಮ್ಮಜ್ಜಿ ಕೇಳುದ್ಲು. ರಾತ್ರಿ ಗುಡ್ಲಲ್ಲಿ, ಯಾರೂ ಇರ್ನಿಲ್ಲ. ನೀನು ಜೀತಕ್ಕಿದ್ದೀಯೋ ಇಲ್ವೋ, ನನ್ನತ್ರ ಹೇಳು ಅಂದ್ಲು. ಅವ್ನೆ ಅಂದೆ. ಹಂಗಾದ್ರೆ ನಡಿ ಅಂದ್ಲು."

1977ರಲ್ಲಿ ಕೂಸನ್ನು ಕಂಕುಳಿಗೆ ಹಾಕಿಕೊಂಡು ಇಬ್ಬರೂ ನಾಲೆ ಕೆಲಸದ ಮಣ್ಣು ಹೊರಲು ಹೋದರು. ನಾಲ್ಕು ವರ್ಷದ ಮೇಲೆ ತಿರುಗಿ ಬಂದು ಕೇರಿಯ ಕೊನೆಯಲ್ಲಿ ಗುಡಿಸಲು ಹಾಕಿದರು. ಸರ್ಕಾರ ಬಿಡಿಸಲಿಲ್ಲ, ಅಜ್ಜಿ ಬಿಡಿಸಿದಳು.

ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಬಿಚ್ಚಿದ ಕಂಪ್ಯೂಟರು ಮೇಜಿನ ಮೇಲೆ ಹಾಗೇ ಬಾಯಿ ತೆರೆದುಕೊಂಡಿತ್ತು. ಕೊನೆಗೆ ಐ.ಟಿ.ಐ. ಗೆಳೆಯ ಹೇಳಿದ. ಹಾರ್ಡ್ ಡಿಸ್ಕಿಗೆ ಒಂದು ಜಂಪರ್ ಹಾಕಿ, ಹಿಂದೆ ಇನ್ನೊಬ್ಬ ಇದ್ದಾನೆ ಅಂತ ಒಪ್ಪಿಸಿದರೆ ಎರಡು ನಿಮಿಷದ ಕೆಲಸ. ಯಜಮಾನ ಒಪ್ಪಿಕೊಂಡರೆ ಆಳಿನ ಗುರುತು ಸಿಗುತ್ತದೆ.

ತಾತ ಕೇಳಿದ: "ಅದ್ಕೆ ಬ್ಯಾರೆ ತಂತಿ ಇಲ್ವಾ?"

ಇತ್ತು. ಮದರ್‌ಬೋರ್ಡಿನ ಮೇಲೆ ಪಟ್ಟಿ ತಂತಿ ಚುಚ್ಚುವ ಇನ್ನೊಂದು ಸಾಲು, ಮೊದಲನೆಯದರ ಪಕ್ಕದಲ್ಲೇ, ಧೂಳು ಹಿಡಿದು ಖಾಲಿ ಇತ್ತು. ಅದಕ್ಕೆ ತಂತಿ ಮಾತ್ರ ಇರಲಿಲ್ಲ. ನಿಜ ಹೇಳಬೇಕೆಂದರೆ ತಿಳಿದವರು ಹೇಳುವುದೂ ಅದನ್ನೇ. ಹಾರ್ಡ್ ಡಿಸ್ಕು ಮತ್ತು ಸಿ.ಡಿ. ಡ್ರೈವನ್ನು ಒಂದೇ ತಂತಿಗೆ ಕಟ್ಟಿದರೆ ಒಂದು ಮಾತಾಡುವಾಗ ಇನ್ನೊಂದು ಬಾಯಿ ಮುಚ್ಚಿಕೊಂಡಿರಬೇಕು. ಬೇರೆ ತಂತಿ ಕೊಟ್ಟರೆ ಆ ಕಾಯುವಿಕೆ ಇಲ್ಲ. 2003ರ ಸುಮಾರಿಗೆ ಬಳಕೆಗೆ ಬಂದ ಸಾಟಾ ಪದ್ಧತಿಯಲ್ಲಂತೂ ಒಂದೊಂದು ಡ್ರೈವಿಗೆ ಒಂದೊಂದು ತಂತಿ. ಅಲ್ಲಿಗೆ ಎಂ.ಎ., ಎಸ್.ಎಲ್. ಅಕ್ಷರಗಳೂ ಹೋದವು, ಆ ಜಂಪರೂ ಹೋಯಿತು. ತಂತಿ ಬೇರೆಯಾದ ಮೇಲೆ ಆ ಹೆಸರುಗಳಿಗೆ ಜಾಗವೇ ಉಳಿಯಲಿಲ್ಲ.

ಬೆಂಗಳೂರಿನವನಿಗೆ ಫೋನು ಮಾಡಿದೆವು. ಅವನು ರಜೆಯ ದಿನ ಎಸ್.ಪಿ. ರೋಡಿನ ಅಂಗಡಿಗಳನ್ನೆಲ್ಲ ಸುತ್ತಿ, ಹಳೆಯ ಸಾಮಾನಿನ ರಾಶಿಯೊಳಗಿಂದ ಒಂದು ಪಟ್ಟಿ ತಂತಿ ಹುಡುಕಿದ. ಐವತ್ತು ರೂಪಾಯಿ. ಬಸ್ಸಿನಲ್ಲಿ ಬರುವಾಗ ಮಡಚಿ ಹೋಗದಿರಲಿ ಅಂತ ತೊಡೆಯ ಮೇಲೆ ಇಟ್ಟುಕೊಂಡು ಬಂದನಂತೆ.

ಖಾಲಿ ಸಾಲಿನ ಧೂಳು ಊದಿ ತಂತಿ ಚುಚ್ಚಿದೆವು. ಇನ್ನೊಂದು ತುದಿಯನ್ನು ಡ್ರೈವಿಗೆ ಹಾಕಿದೆವು. ಜಂಪರನ್ನು ಎಸ್.ಎಲ್. ಇಂದ ಕಿತ್ತು ಎಂ.ಎ. ಮೇಲೆ ಹಾಕಿದೆವು. ತನ್ನ ತಂತಿಯಲ್ಲಿ ತಾನೊಬ್ಬನೇ. ಸ್ವಿಚ್ಚು ಹಾಕಿ ಉಸಿರು ಬಿಗಿಹಿಡಿದು ನಿಂತೆವು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದ ಸಾಲುಗಳು ಬಂದವು. ಮೂರನೆಯ ಸಾಲಿನಲ್ಲಿ ಡ್ರೈವು ತನ್ನ ಹೆಸರನ್ನು, ತನ್ನ ನಂಬರನ್ನು ಪೂರ್ತಿ ಹೇಳಿಕೊಂಡಿತು. ಅದೇ ಡ್ರೈವು. ಅದೇ ದೀಪ. ಅದರೊಳಗೆ ನಾವು ಏನನ್ನೂ ರಿಪೇರಿ ಮಾಡಿರಲಿಲ್ಲ. ಕೇಳುವ ತಂತಿ ಮಾತ್ರ ಬದಲಾಗಿತ್ತು.

ಸಾಲಿನ ಎಡಗಡೆ 'ಸೆಕೆಂಡರಿ ಮಾಸ್ಟರ್' ಅಂತ ಬಂತು. ಅಲ್ಲೂ ಯಜಮಾನನೇ. ಯಂತ್ರ ಮಾಡಿದವರಿಗೆ ಬೇರೆ ಮಾತು ಗೊತ್ತಿರಲಿಲ್ಲ, ಪಾಪ.

ಇನ್ನೂ ಒಂದು ಗಂಟು ಉಳಿದಿತ್ತು. ಬಯೋಸ್ ಗುರುತಿಸಿದರೂ ವಿಂಡೋಸು ಒಪ್ಪಲಿಲ್ಲ. ಡಿವೈಸ್ ಮ್ಯಾನೇಜರಿನಲ್ಲಿ ಹೆಸರಿನ ಮೇಲೆ ಹಳದಿ ಗುರುತು. ಆಫೀಸಿನವರು ಹಿಂದೆ ಹಾಕಿದ್ದ ಸಿ.ಡಿ. ಬರೆಯುವ ಸಾಫ್ಟ್‌ವೇರನ್ನು ತೆಗೆದಿದ್ದರೂ, ಅದು ಬಿಟ್ಟುಹೋದ ಎರಡು ಕುರುಹು ರಿಜಿಸ್ಟ್ರಿಯಲ್ಲಿ ಅಡ್ಡ ಕೂತಿದ್ದವು. 'ಅಪ್ಪರ್ ಫಿಲ್ಟರ್ಸ್', 'ಲೋಯರ್ ಫಿಲ್ಟರ್ಸ್' ಅಂತ ಅವುಗಳ ಹೆಸರು. ಸಿ.ಡಿ. ಡ್ರೈವಿನ ಭಾಗಕ್ಕೆ ಸೇರಿದ ಆ ಎರಡನ್ನು ಮಾತ್ರ ಅಳಿಸಿ, ಕಂಪ್ಯೂಟರನ್ನು ಆರಿಸಿ ಹಚ್ಚಿದೆವು. ಹಳ್ಳಿ ಶಾಲೆಗಳಲ್ಲಿ ಇಂಥ ಕಂಪ್ಯೂಟರು ಇಟ್ಟುಕೊಂಡಿರುವ ಮೇಷ್ಟ್ರುಗಳು ಇದನ್ನು ಗುರುತು ಹಾಕಿಕೊಳ್ಳಿ. ಆದರೆ ರಿಜಿಸ್ಟ್ರಿಗೆ ಕೈ ಹಾಕುವ ಮುಂಚೆ ಅದರ ಒಂದು ನಕಲು ಉಳಿಸಿಕೊಳ್ಳಿ, ಅಕ್ಕಪಕ್ಕದ ಏನನ್ನೂ ಮುಟ್ಟಬೇಡಿ. ಹಳದಿ ಗುರುತು ಹೋಯಿತು.

ಸಿ.ಡಿ.ಯನ್ನು ಹಳೆಯ ಮೆತ್ತನೆ ಪಂಚೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿದೆವು. ಗುಂಡಗೆ ಒರೆಸಿದರೆ ಗೀರು ಓದುವ ಸಾಲಿನ ಗುಂಟವೇ ಬಿದ್ದು ಹೆಚ್ಚು ಕೆಡುತ್ತದೆ. ತಟ್ಟೆಗೆ ಇಟ್ಟು ತಳ್ಳಿದೆವು. ತಿರುಗಿತು, ನಿಂತಿತು, ಮತ್ತೆ ತಿರುಗಿತು. ಏಳು ಕಡತಗಳು ಕಂಡವು. ಅವುಗಳಿಗೆ ಹೆಸರಿರಲಿಲ್ಲ. 01ರಿಂದ 07ರವರೆಗೆ ಅಂಕಿ, ಅಷ್ಟೆ.

ಅವ್ವ ಮುಸುರೆ ಕೈಯಲ್ಲೇ ಓಡಿಬಂದಳು. ಕೇರಿಯ ಅರ್ಧ ಜನ ಬಾಗಿಲಲ್ಲಿದ್ದರು. ಮೊದಲನೆಯದನ್ನು ಒತ್ತಿದೆವು.

ಮೊದಲು ಹಾಡು ಬರಲಿಲ್ಲ. ಕೆಮ್ಮು ಬಂತು. ನಾಯಿ ಬೊಗಳಿದ್ದು ಕೇಳಿತು. ಆಮೇಲೆ ಅಜ್ಜಿ: "ಉಂಡ್ರಾ ಬುದ್ದಿ? ಉಣ್ದೆ ಪದ ಕೇಳ್ಬಾರ್ದು." ಮೇಷ್ಟ್ರು ನಕ್ಕು, ಮೊದಲು ನಿಮ್ಮ ಹೆಸರು ಹೇಳಿ ಅಂದರು. "ನನ್ ಹೆಸ್ರು ಯಾಕೆ, ಪದ ಬರ್ಕಳಿ" ಅಂದಳು. ಮೇಷ್ಟ್ರು ಬಿಡಲಿಲ್ಲ, ಅದು ಅವರ ದೊಡ್ಡತನ. ಅಜ್ಜಿ ಗಂಟಲು ಸರಿಮಾಡಿಕೊಂಡು, ಶಾಲೆ ಮಕ್ಕಳು ಹಾಜರಿ ಹೇಳುವ ಹಾಗೆ, ತನ್ನ ಹೆಸರು, ತನ್ನ ಅವ್ವನ ಹೆಸರು, ಹುಟ್ಟಿದ ಊರು, ಎಲ್ಲ ಹೇಳಿದಳು. ಗಂಡ ಏನು ಮಾಡ್ತಾರೆ ಅಂತ ಕೇಳಿದರು. "ಜೀತ ಬುಟ್ಬಂದ್ರು" ಅಂದಳು. "ಈಗ ಅವ್ರೂ ಕೂಲಿ, ನಾನೂ ಕೂಲಿ, ಯಾರ್ ಮನೆ ಆಳೂ ಅಲ್ಲ."

ಸರ್ಕಾರದ ಯಾವ ಕಾಗದದಲ್ಲೂ ಇಲ್ಲದ ಮಾತು ಒಂದು ಸಿ.ಡಿ.ಯಲ್ಲಿ ಹದಿನೈದು ವರ್ಷ ಕೂತಿತ್ತು. ಕವರಿನ ಮೇಲೆ ಹೆಂಗಸು, ಕೂಲಿ ಅಂತ ಬರೆದವರಿಗೂ ಅದರ ಬೆಲೆ ಗೊತ್ತಿರಲಿಲ್ಲ. ತಾತ ಪರದೆಯ ಕಡೆ ನೋಡಲಿಲ್ಲ. ಸ್ಪೀಕರಿನ ಹತ್ತಿರ ಕಿವಿ ಇಟ್ಟು ಕೂತಿದ್ದ. ಹಾಡು ಶುರುವಾದಾಗ ಅವನ ಬೆರಳು ನೆಲದ ಮೇಲೆ ಪೈರು ಊರುವ ಹಾಗೆ ಆಡುತ್ತಿತ್ತು.

ಆ ರಾತ್ರಿಯೇ ನಕಲು ತೆಗೆದೆವು. ಏಳರಲ್ಲಿ ಐದು ಬಂದವು. ಆರನೆಯದು ನಡುವೆ ನಿಂತಿತು, ಏಳನೆಯದು ಬರಲೇ ಇಲ್ಲ. ಸಿ.ಡಿ.ಯನ್ನು ನಡುವಿನಿಂದ ಅಂಚಿನ ಕಡೆಗೆ ಬರೆಯುತ್ತಾರೆ, ಕೊನೆಯ ಹಾಡುಗಳು ಅಂಚಿನಲ್ಲಿದ್ದವು. ಅಂಚಿನಲ್ಲಿ ಇದ್ದದ್ದು ಮೊದಲು ಕೆಟ್ಟಿತ್ತು. ನಾವು 2019ರಲ್ಲೇ ಆ ರಟ್ಟು ಕಿತ್ತಿದ್ದರೆ ಎಲ್ಲವೂ ಸಿಗುತ್ತಿತ್ತೋ ಏನೋ. ಆ ತಪ್ಪು ಬೇರೆ ಯಾರದೂ ಅಲ್ಲ, ನಮ್ಮದೇ.

ಸಂಘಟನೆಯ ಗೆಳೆಯರಿಗೆ ಒಂದು ಮಾತು. ಇವತ್ತೂ ಇಟ್ಟಿಗೆ ಗೂಡಿನಲ್ಲಿ, ತೋಟದ ಮನೆಯಲ್ಲಿ ಮುಂಗಡ ಹಣದ ಹೆಸರಿನಲ್ಲಿ ಜನರನ್ನು ಕಟ್ಟಿಹಾಕುವವರು ಇದ್ದಾರೆ. ನೀವು ಅಲ್ಲಿಗೆ ಹೋಗುತ್ತೀರಿ, ಅಧಿಕಾರಿಗಳನ್ನೂ ಕರೆದುಕೊಂಡು ಹೋಗುತ್ತೀರಿ. ದಯವಿಟ್ಟು ಯಜಮಾನನ ಎದುರಿಗೆ ಕೇಳಬೇಡಿ, ಅವನ ಕಾಫಿ ಕುಡಿದು ಕೇಳಬೇಡಿ. ಬೇರೆ ಕರೆದುಕೊಂಡು ಹೋಗಿ ಕೂರಿಸಿ ಕೇಳಿ. ಇಲ್ಲ ಅಂದರೆ ಮತ್ತೊಂದು ದಿನ ಹೋಗಿ ಕೇಳಿ. "ಅವತ್ತು ನನ್ನ ಬಾವಿ ಕಟ್ಟೆ ಹತ್ರ ಕರ್ಕಂಡೋಗಿ ಕೇಳಿದ್ರೆ ಹೇಳ್ತಿದ್ದೆ ಕಲಾ" ಅಂದ ತಾತ, ಹಾಡು ಮುಗಿದ ಮೇಲೆ.

ಕಡತಗಳಿಗೆ ಇದ್ದ ಅಂಕಿ ತೆಗೆದು ಅಜ್ಜಿಯ ಹೆಸರು ಇಟ್ಟೆವು. ಪೆನ್ ಡ್ರೈವಿಗೆ ಹಾಕಿ ಕೇರಿಯವರ ಮೊಬೈಲಿಗೆಲ್ಲ ಹಂಚಿದೆವು. ತಾತ ಮುಂದಿನ ಬೇಸಿಗೆಯಲ್ಲಿ ಹೋದ. ಅದುವರೆಗೂ ದಿನಾ ಸಂಜೆ ಒಂದು ಪದ ಕೇಳಿಯೇ ಉಣ್ಣುತ್ತಿದ್ದ.

ಕಂಪ್ಯೂಟರು ಈಗಲೂ ಸಂಘದ ಕೋಣೆಯಲ್ಲಿದೆ. ನಿಮ್ಮ ಊರಿನಲ್ಲಿ, ಶಾಲೆಯ ಬೀರುವಿನಲ್ಲಿ, ಯಾರದೋ ಟ್ರಂಕಿನಲ್ಲಿ ಇಂಥ ಸಿ.ಡಿ. ಇದ್ದರೆ ತೆಗೆದುಕೊಂಡು ಬನ್ನಿ. ಬಿಟ್ಟು ಹೋಗಬೇಕಾಗಿಲ್ಲ, ಪಕ್ಕದಲ್ಲೇ ಕೂತುಕೊಳ್ಳಿ. ಡ್ರೈವಿನ ತಟ್ಟೆ ಒಮ್ಮೊಮ್ಮೆ ಒಳಗೇ ಸಿಕ್ಕಿಕೊಳ್ಳುತ್ತದೆ. ಆಗ ಮುಂದಿನ ಸಣ್ಣ ತೂತಿಗೆ ಪಿನ್ನು ಚುಚ್ಚಿದರೆ ಹೊರಗೆ ಬರುತ್ತದೆ. ಅವ್ವ ತನ್ನ ಬಳೆಯಿಂದ ಬಿಚ್ಚಿಕೊಟ್ಟ ಪಿನ್ನು ನೆಟ್ಟಗೆ ಮಾಡಿ ಮೇಜಿನ ಮೂಲೆಯ ಮೊಳೆಗೆ ತೂಗುಹಾಕಿದ್ದೇವೆ. ಕೆಲಸ ಮುಗಿದ ಮೇಲೆ ಅಲ್ಲೇ ತೂಗುಹಾಕಿ.